ಭೂತಾರಾಧನೆಯ ಓದು

ತುಳುನಾಡಿನ ಭೂತಾರಾಧನೆಯನ್ನು ಅಭ್ಯಸಿಸಬಯಸುವವರು ಮೊದಲು ಯಾವ ಗ್ರಂಥವನ್ನು ಓದಬೇಕೆಂದು ವಿದ್ಯಾರ್ಥಿಮಿತ್ರರು ನನ್ನನ್ನು ಕೇಳುವುದುಂಟು. ಹಲವರು ಬರ್ನೆಲ್ಲರ ಇಂಗ್ಲಿಷ್ ಲೇಖನಮಾಲೆಯಿಂದ ತೊಡಗುತ್ತಾರೆ. 1894ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾದ ಆ ಸಂಗ್ರಹವು ಅಮೂಲ್ಯವೇ ಸರಿ, ಆದರೆ ಅದರ ಶಿರೋನಾಮೆಯೇ ನಮ್ಮ ದೈವಗಳನ್ನು ಪಿಶಾಚಿಗಳೆಂದಿದೆ. ತೀರ್ಪನ್ನು ಮೊದಲೇ ಕೇಳಿದವನಿಗೆ ಸಾಕ್ಷ್ಯವು ನೆಟ್ಟಗೆ ಕೇಳಿಸದು.

ಆದುದರಿಂದ 1886ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಿಸಿದ ಪಾಡ್ದನಗಳಿಂದ ಆರಂಭಿಸಿರಿ. ಅವನ್ನು ಕೂಡಿಸಿದ ಮ್ಯಾನರರು ಪಾದ್ರಿಗಳೇ ಆದರೂ ಅಲ್ಲಿಯ ಮಾತು ತುಳುವರದೇ. ಅನಂತರ ವಿವೇಕ ರೈಯವರ ‘ತುಳು ಜನಪದ ಸಾಹಿತ್ಯ’, ಚಿನ್ನಪ್ಪ ಗೌಡರ ‘ಭೂತಾರಾಧನೆ’; ಕೊನೆಗೆ ಬರ್ನೆಲ್ಲರು.

ಇಷ್ಟಾದರೂ ಓದು ಅರ್ಧವೇ. ಅಚ್ಚಾದ ಪಾಡ್ದನಕ್ಕೆ ತೆಂಬರೆಯ ದನಿಯಿಲ್ಲ. ನೇಮದ ರಾತ್ರಿ ಪಂಬದ, ಪರವ, ನಲಿಕೆಯವರೆದುರು ಕುಳಿತು ಕೇಳಿರಿ. ಈ ವಿದ್ಯೆಗೆ ಗುರುಗಳು ಅವರೇ.