ಬೆನ್ನಿಗೆ ಚಿಕಿತ್ಸೆ, ಮನಸ್ಸಿಗೆ ಬೀಗ

ದುಡಿಯುವ ಮಗ ತಿಂಗಳುಗಟ್ಟಲೆ ಮಂಕಾಗಿ ಕೂತಿದ್ದಾನೆ. ಊಟ ಸೇರದು, ನಿದ್ದೆ ಹತ್ತದು, ಹೊಲದ ಕಡೆ ಕಾಲೇಳದು. ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಮನೆಗಳಲ್ಲಿ ಇದಕ್ಕೆ ನಾವು ಹೇಳುವ ಕಾರಣ ಒಂದೇ: "ನರ ಹಿಡಿದಾವ." ಬೆನ್ನು ತಿಕ್ಕಿ ಕುತ್ತಿಗೆ ತಿರುವುವವರ ಮುಂದೆ ಅವನನ್ನು ಕೂಡಿಸುತ್ತೇವೆ. ಎಲುಬು ಲಟಕ್ಕೆಂದರೆ ಸಾಕು, ರೋಗ ಬಿಟ್ಟಿತೆಂದು ಹಣ ಎಣಿಸಿಕೊಟ್ಟು ಬರುತ್ತೇವೆ.

ಸರಿದ ಬೆನ್ನೆಲುಬು ನರ ಒತ್ತುವುದೇ ರೋಗಗಳ ಮೂಲವೆಂಬ ವಾದವನ್ನು ಅಮೆರಿಕದ ಡಿ.ಡಿ. ಪಾಮರ್ 1895ರಲ್ಲೇ ಹೂಡಿದ್ದ. ಆದರೆ ಬೆನ್ನು-ಕುತ್ತಿಗೆ ತಿರುವುವುದರಿಂದ ಇಂಥ ಮಂಕು, ಅಂದರೆ ಖಿನ್ನತೆ, ವಾಸಿಯಾಗುತ್ತದೆಂಬುದಕ್ಕೆ ಇಂದಿಗೂ ಗಟ್ಟಿ ಪುರಾವೆ ಇಲ್ಲ. ಸೊಂಟನೋವಿಗೆ ಒಂದಿಷ್ಟು ಆರಾಮ ಸಿಕ್ಕೀತು. ಆದರೆ ಕುತ್ತಿಗೆಯನ್ನು ಜೋರಾಗಿ ತಿರುವಿದಾಗ ಮೆದುಳಿಗೆ ರಕ್ತ ಒಯ್ಯುವ ನಾಳ ಸೀಳಿ ಪಾರ್ಶ್ವವಾಯು ಬಡಿದದ್ದೂ ಉಂಟು, ಅಪರೂಪಕ್ಕಾದರೂ. ಖಿನ್ನತೆಯೇ ಮೈಕೈ ನೋವಾಗಿ ಕಾಡುತ್ತದೆ. ನಾವು ನೋವನ್ನು ಒಪ್ಪುತ್ತೇವೆ, ಖಿನ್ನತೆಯನ್ನು ಮುಚ್ಚಿಡುತ್ತೇವೆ.

ನಮ್ಮ ಹಿರಿಯರಿಗೆ ಬೇರೆ ದಾರಿ ಇರಲಿಲ್ಲ. ಮನಸ್ಸಿನ ರೋಗವೆಂದರೆ ದೂರದ ಧಾರವಾಡದ ಮಾನಸಿಕ ಆಸ್ಪತ್ರೆ, ಊರವರ ಕುಹಕ. ನಮಗೇನು ಕಡಿಮೆಯಾಗಿದೆ? ಪಕ್ಕದ ಬಳ್ಳಾರಿಯಲ್ಲಿ ನಿಮ್ಹಾನ್ಸ್ 1985ರಲ್ಲಿ ಆರಂಭಿಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರಲೆಂದು ರಾಜ್ಯ ಸರ್ಕಾರ 'ಮನೋಚೈತನ್ಯ' ಕಾರ್ಯಕ್ರಮ ರೂಪಿಸಿತು. ರಾಯಚೂರಿನಲ್ಲಿ ರಿಮ್ಸ್ ಆಸ್ಪತ್ರೆ ಇದೆ. 2022ರಿಂದ 14416 ಸಹಾಯವಾಣಿಗೆ ಪುಕ್ಕಟೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಇಷ್ಟಿದ್ದೂ ಆಸ್ಪತ್ರೆಯ ಚೀಟಿಯ ಸಾಲಿನಲ್ಲಿ ಬೀಗರ ಕಣ್ಣಿಗೆ ಬಿದ್ದೇವೆಂದು ಅಂಜುತ್ತೇವೆ. ಬೆನ್ನುನೋವಿನಿಂದ ಮಗಳ ಸಂಬಂಧ ಮುರಿಯುವುದಿಲ್ಲ ನೋಡಿ! ಖಿನ್ನತೆಯುಳ್ಳ ನೂರರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲವೆಂದು 2015–16ರ ರಾಷ್ಟ್ರೀಯ ಸಮೀಕ್ಷೆ ಹೇಳಿತು. ನಮ್ಮ ಓಣಿಯೂ ಇದಕ್ಕೆ ಹೊರತಲ್ಲ.

ಖಿನ್ನತೆಯ ಮಾತ್ರೆ ನಾಟಲು ಕೆಲವು ವಾರ ಬೇಕು. ನಮಗೆ ಒಂದೇ ಏಟಿಗೆ ಗುಣವಾಗಬೇಕು. "ಗಟ್ಟಿ ಆಗು, ಗಂಡಸಲ್ಲೇನು?" ಎಂದು ಗದರಿಸಿ, ಬೆಳೆಗೆ ಹೊಡೆಯುವ ಎಣ್ಣಿ ಡಬ್ಬಿಗೆ ಬೀಗವನ್ನೂ ಹಾಕದೆ ನಿಶ್ಚಿಂತೆಯಿಂದ ಮಲಗುತ್ತೇವೆ. ಅನಾಹುತವಾದರೆ ಹಣೆಬರಹವೆಂದು ಅಳುತ್ತೇವೆ. ಮಂಗಳವಾರ ಯಾರು, ಎಲ್ಲಿ ಕೂಡುತ್ತಾರೆಂದು ಗೊತ್ತಿದ್ದೂ ಕರೆದೊಯ್ಯದವರಿಗೆ ಹಣೆಬರಹದ ಮಾತಾಡುವ ಹಕ್ಕಿಲ್ಲ. ಮರ್ಯಾದೆ ಉಳಿಸಿಕೊಳ್ಳಲು ಮಕ್ಕಳ ಜೀವವನ್ನೇ ಒತ್ತೆಯಿಟ್ಟವರು ನಾವು.