ಶಾಲೆಯ ನಾಯಕತ್ವ: ಬಿಲ್ಲೆಯೋ ಸೇವೆಯೋ?

ಮಳೆಗಾಲದ ಮೊದಲ ದಿನಗಳಲ್ಲಿ ಕರಾವಳಿಯ ಪ್ರಾಥಮಿಕ ಶಾಲೆಗಳಲ್ಲಿ ಒಂದೊಂದು ಚಿಕ್ಕ ರಾಜ್ಯವು ಸ್ಥಾಪಿತವಾಗುತ್ತದೆ. ಶಾಲಾ ನಾಯಕನೊಬ್ಬನು, ಉಪನಾಯಕಿಯೊಬ್ಬಳು, ಅವರ ಹಿಂದೆ ಶಿಕ್ಷಣ, ಆರೋಗ್ಯ, ಕ್ರೀಡೆ, ತೋಟಗಾರಿಕೆ, ನೀರಾವರಿ ಎಂಬ ಖಾತೆಗಳ ಮಂತ್ರಿಗಳು, ಇವರೆಲ್ಲರಿಗೆ ಇದಿರಾಗಿ ವಿರೋಧಪಕ್ಷದ ಮುಂದಾಳೊಬ್ಬನು, ಹೀಗೆ ಮಂತ್ರಿಮಂಡಲವು ನೆರೆಯುತ್ತದೆ. ಕೆಥೊಲಿಕ ಧರ್ಮಸಭೆಯವರು ನಡೆಯಿಸುವ ಶಾಲೆಗಳಲ್ಲಿ ಈ ಸಮಾರಂಭಕ್ಕೆ ಕಳೆ ಇನ್ನೂ ಹೆಚ್ಚು. ಇಗರ್ಜಿಯ ಧರ್ಮಗುರುಗಳು ಸಂಚಾಲಕರಾಗಿ ವೇದಿಕೆಯಲ್ಲಿ ಕುಳಿತಿರುತ್ತಾರೆ; ದೀಪವು ಬೆಳಗುತ್ತದೆ; ಪ್ರಮಾಣವಚನವಾಗುತ್ತದೆ; ಮಕ್ಕಳ ಎದೆಯ ಮೇಲೆ ಬಿಲ್ಲೆಗಳು ಏರುತ್ತವೆ. ಇದರಲ್ಲಿ ದೋಷವೇನೆಂದು ಕೇಳುವವರು ಬಹುಮಂದಿ. ದೋಷವು ಸಮಾರಂಭದಲ್ಲಿಲ್ಲ, ಮರುದಿನದಿಂದ ನಡೆಯುವ ಆಡಳಿತದಲ್ಲಿದೆ.

ಮರುದಿನ ಆರೋಗ್ಯಮಂತ್ರಿಯು ಮಾಡತಕ್ಕ ಕೆಲಸವೇನೆಂಬುದು ಆ ಮಂತ್ರಿಗೂ ತಿಳಿಯದು, ನೇಮಿಸಿದವರಿಗೂ ತಿಳಿಯದು. ನೀರಾವರಿಯ ಮಂತ್ರಿಯು ಮಳೆ ಸುರಿಯುವಷ್ಟು ಕಾಲ ಅಧಿಕಾರವನ್ನು ಅನುಭವಿಸಿ, ಬೇಸಗೆಯಲ್ಲಿ ಗಿಡಗಳು ಬಾಡುವ ಹೊತ್ತಿಗೆ ಪರೀಕ್ಷೆಯ ಓದಿನಲ್ಲಿ ಮುಳುಗಿರುತ್ತಾನೆ. ಇಷ್ಟು ಪದವಿಗಳಲ್ಲಿ ನಿತ್ಯವೂ ತಪ್ಪದೆ ನಡೆಯುವ ಕೆಲಸವು ಅನೇಕ ಕಡೆ ಒಂದೇ ಒಂದು: ಉಪಾಧ್ಯಾಯರು ಹೊರಗೆ ಹೋದ ಕೂಡಲೆ ತರಗತಿಯ ನಾಯಕನು ಸೀಮೆಸುಣ್ಣವನ್ನು ಹಿಡಿದು, ಮಾತಾಡಿದವರ ಹೆಸರುಗಳನ್ನು ಕರಿಹಲಗೆಯ ಮೂಲೆಯಲ್ಲಿ ಬರೆಯುವುದು. ದೀಪ ಬೆಳಗಿ, ಪ್ರಮಾಣ ಮಾಡಿಸಿ, ಹತ್ತು ವರ್ಷದ ಬಾಲಕನಿಗೆ ದೊಡ್ಡವರು ಒಪ್ಪಿಸಿದ ಮಹತ್ಕಾರ್ಯವು ಇದು.

ಈ ಕೆಲಸವು ಮಕ್ಕಳಿಗೆ ಕಲಿಸುವುದೇನು? ಬರೆಯುವವನು, ಸ್ನೇಹಿತನ ಹೆಸರನ್ನು ಬಿಡಬಹುದೆಂಬುದನ್ನೂ ಆಗದವನ ಹೆಸರಿನ ಮುಂದೆ ಇನ್ನೊಂದು ಗೀಟು ಎಳೆಯಬಹುದೆಂಬುದನ್ನೂ ವಾರದೊಳಗೆ ಕಲಿಯುತ್ತಾನೆ. ಬರೆಯಿಸಿಕೊಂಡವನು, ಒಂದು ಪೆನ್ಸಿಲನ್ನೋ ಒಂದು ಹಿಡಿ ನೆಲ್ಲಿಕಾಯನ್ನೋ ಕೊಟ್ಟರೆ ಹೆಸರು ಅಳಿಸಿಹೋಗುವುದೆಂದು ಕಲಿಯುತ್ತಾನೆ. ಉಳಿದವರು, ಅಧಿಕಾರವೆಂದರೆ ಇನ್ನೊಬ್ಬನ ತಪ್ಪನ್ನು ಮೇಲಿನವರಿಗೆ ತಿಳಿಸುವ ಹಕ್ಕು ಎಂದು ಕಲಿಯುತ್ತಾರೆ. ಊರಿನಲ್ಲಿ ಲಂಚವೂ ಚಾಡಿಯೂ ಬೆಳೆದುವೆಂದು ಹಿರಿಯರು ಮರುಗುತ್ತಾರೆ. ಅವುಗಳ ಅಕ್ಷರಾಭ್ಯಾಸವು ಎಲ್ಲಿ ನಡೆಯಿತೆಂದು ಕೇಳುವವರಿಲ್ಲ. ಗಿಡವಾಗಿ ಬಗ್ಗದುದು ಮರವಾಗಿ ಬಗ್ಗೀತೇ ಎಂಬ ಗಾದೆಗೆ ಇನ್ನೊಂದು ಮುಖವುಂಟು: ಗಿಡವಾಗಿದ್ದಾಗ ಸೊಟ್ಟಗೆ ಬಗ್ಗಿಸಿದುದು ಮರವಾದಾಗ ನೆಟ್ಟಗಾಗುವುದಿಲ್ಲ.

ಇಂತಹ ರೂಢಿಯು ಯಾವ ಶಾಲೆಯಲ್ಲಿದ್ದರೂ ಖಂಡನೀಯವೇ. ಕೆಥೊಲಿಕ ಶಾಲೆಯಲ್ಲಿ ಅದು ಇಮ್ಮಡಿ ಖಂಡನೀಯ. ಆ ಶಾಲೆಯು ಯಾರ ಹೆಸರಿನಲ್ಲಿ ನಿಂತಿದೆಯೋ ಆ ಗುರುವು ಕೊನೆಯ ಭೋಜನದ ರಾತ್ರಿಯಲ್ಲಿ ಸೊಂಟಕ್ಕೆ ಬಟ್ಟೆಯನ್ನು ಸುತ್ತಿಕೊಂಡು ಶಿಷ್ಯರ ಕಾಲುಗಳನ್ನು ತೊಳೆದನೆಂದು ಯೋಹಾನನ ಸುವಾರ್ತೆಯು ತಿಳಿಸುತ್ತದೆ. ವರ್ಷಕ್ಕೊಮ್ಮೆ ಪವಿತ್ರ ಗುರುವಾರದ ಸಂಜೆ ಇಗರ್ಜಿಯಲ್ಲಿ ಧರ್ಮಗುರುಗಳು ಅದೇ ಕ್ರಿಯೆಯನ್ನು ನೆರವೇರಿಸುತ್ತಾರೆ. ಇಗರ್ಜಿಯೊಳಗೆ ಹಿರಿತನಕ್ಕೆ ಒಂದು ಅರ್ಥ, ಅದರ ಅಂಗಳದ ಶಾಲೆಯಲ್ಲಿ ಇನ್ನೊಂದು ಅರ್ಥವಾದರೆ, ಮಗುವು ಯಾವುದನ್ನು ನಂಬಬೇಕು? ವರ್ಷಕ್ಕೊಮ್ಮೆ ನೋಡಿದುದನ್ನಲ್ಲ, ದಿನವೂ ನೋಡಿದುದನ್ನೇ ನಂಬುತ್ತದೆ.

ಆ ಪರಂಪರೆಯಲ್ಲಿ ಬೇರೆ ದಾರಿಯಿಲ್ಲವೆಂದಲ್ಲ. ಫ್ರಾನ್ಸಿನ ರ‍್ಯಾನ್ಸ್ ಪಟ್ಟಣದಲ್ಲಿ 1651ರಲ್ಲಿ ಹುಟ್ಟಿದ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ ಎಂಬವನು ಬಡವರ ಮಕ್ಕಳಿಗಾಗಿ ಶಾಲೆಗಳನ್ನು ತೆರೆದು, ಉಪಾಧ್ಯಾಯರಾದ ಸಹೋದರರ ಸಂಘವನ್ನು ಕಟ್ಟಿದನು. ಆ ಶಾಲೆಗಳ ನಡೆವಳಿಯ ಕೈಪಿಡಿಯು 1706ರಲ್ಲಿ ಸಿದ್ಧವಾಗಿ, ಅವನು ತೀರಿಕೊಂಡ ಮರುವರ್ಷ, 1720ರಲ್ಲಿ, ಅಚ್ಚಾಯಿತು. ವಿದ್ಯಾರ್ಥಿಗಳು ವಹಿಸತಕ್ಕ ಕೆಲಸಗಳ ದೊಡ್ಡ ಪಟ್ಟಿಯೊಂದು ಅದರಲ್ಲಿದೆ: ಪ್ರಾರ್ಥನೆಯನ್ನು ಹೇಳಿಸುವವನು, ಗಂಟೆ ಬಾರಿಸುವವನು, ಕಾಗದಗಳನ್ನೂ ಪುಸ್ತಕಗಳನ್ನೂ ಹಂಚುವವನು, ಗುಡಿಸುವವನು, ಬಾಗಿಲು ಕಾಯುವವನು, ಬೀಗದ ಕೈಯನ್ನು ಇಟ್ಟುಕೊಳ್ಳುವವನು. ಇವರೊಡನೆ ಇನ್ನಿಬ್ಬರುಂಟು. ಬೆಳಗಿನ ತಿಂಡಿಯ ಹೊತ್ತಿಗೆ ಬುಟ್ಟಿಯನ್ನು ಹಿಡಿದು, ಉಳ್ಳವರಿಂದ ರೊಟ್ಟಿಯನ್ನು ಕೂಡಿಸಿ ಇಲ್ಲದ ಸಹಪಾಠಿಗಳಿಗೆ ಒದಗಿಸಲು ನೆರವಾಗುವವನೊಬ್ಬನು. ಶಾಲೆಗೆ ಬಾರದವರ ಮನೆಗೆ ಹೋಗಿ, ಏಕೆ ಬರಲಿಲ್ಲವೆಂದು ವಿಚಾರಿಸಿಕೊಂಡು ಬರುವವನೊಬ್ಬನು. ಮುನ್ನೂರು ವರ್ಷಗಳ ಹಿಂದಿನ ಆ ಶಾಲೆಯಲ್ಲಿ ಪದವಿಯೆಂದರೆ ಕೈಗೊಂದು ಕೆಲಸ, ಎದೆಗೊಂದು ಅಲಂಕಾರವಲ್ಲ.

ಸತ್ಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಉಪಾಧ್ಯಾಯರಿಲ್ಲದ ಹೊತ್ತಿನಲ್ಲಿ ತರಗತಿಯನ್ನು ಗಮನಿಸಿ ವರದಿ ಮಾಡುವ ಬಾಲಕನೊಬ್ಬನು ಆ ಪಟ್ಟಿಯಲ್ಲಿಯೂ ಇದ್ದಾನೆ. ಆದರೆ ಅವನ ಹಿಂದೆಯೇ ಅವನನ್ನು ಗಮನಿಸುವ ಇಬ್ಬರು ಬೇರೆ ಇದ್ದಾರೆ; ಅವನು ಕಾಣಿಕೆಗಳಿಗೆ ಮರುಳಾಗುವನೋ, ತಪ್ಪನ್ನು ಮುಚ್ಚಲು ಏನನ್ನಾದರೂ ಕೇಳುವನೋ ಎಂದು ನೋಡುವುದೇ ಇವರ ಕೆಲಸ. ಮಕ್ಕಳ ಮನಸ್ಸನ್ನು ಅಷ್ಟು ಚೆನ್ನಾಗಿ ಅರಿತ ಸಂತನೇ ಕಾವಲುಗಾರನಿಗೆ ಕಾವಲನ್ನು ಇಡಬೇಕಾಯಿತೆಂದ ಮೇಲೆ, ಆ ಪದವಿಯ ಗುಣವೇನೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಈ ಕಾಲದ ಶಾಲೆಗಳು ಮಾಡಿದುದೇನೆಂದರೆ, ರೊಟ್ಟಿಯ ಬುಟ್ಟಿಯನ್ನೂ ಗೈರುಹಾಜರಾದವನ ಮನೆಯ ದಾರಿಯನ್ನೂ ಮರೆತು, ಬೇಹುಗಾರನೊಬ್ಬನನ್ನು ಮಾತ್ರ ಉಳಿಸಿಕೊಂಡವು.

ಯೇಸುಸಭೆಯವರ ದಾರಿ ಇನ್ನೊಂದು ಬಗೆಯದು. 1880ರಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದ ಈ ಸಭೆಯು 1599ರಲ್ಲಿಯೇ ತನ್ನ ಶಾಲೆಗಳಿಗೆ ನಿಯಮಾವಳಿಯೊಂದನ್ನು ಹೊರಡಿಸಿತ್ತು. ಅದರಂತೆ ಕೆಳತರಗತಿಗಳಲ್ಲಿ ಹತ್ತು ಹತ್ತು ಮಂದಿಗೆ ಒಬ್ಬ ಮುಖ್ಯಸ್ಥನಿದ್ದು, ಅವರು ಬಾಯಿಪಾಠ ಒಪ್ಪಿಸುವುದನ್ನು ಕೇಳಿ, ಬರೆಹಗಳನ್ನು ಕೂಡಿಸಿ ಕೊಡುತ್ತಿದ್ದನು. ತರಗತಿಯ ದೊಡ್ಡ ಪದವಿಗಳು ಬರವಣಿಗೆಯ ಸ್ಪರ್ಧೆಯಿಂದ ನಿರ್ಣಯವಾಗುತ್ತಿದ್ದುವು. ಸ್ಪರ್ಧೆಯೇ ಶಿಕ್ಷಣದ ಜೀವವೆಂಬ ಆ ಮತವನ್ನು ಒಪ್ಪದವರೂ ಒಂದನ್ನು ಗಮನಿಸಬೇಕು: ಅಲ್ಲಿ ಪದವಿಯು ಇಡೀ ವರ್ಷಕ್ಕೆ ಒಬ್ಬನ ಸೊತ್ತಾಗಿರಲಿಲ್ಲ, ತಿಂಗಳುಗಳು ಉರುಳುವಷ್ಟರಲ್ಲಿ ಮತ್ತೆ ಪಣಕ್ಕೆ ಬರುತ್ತಿತ್ತು.

ಹಾಗಾದರೆ ಬಿಲ್ಲೆಯೂ ವರ್ಷಪೂರ್ತಿಯ ದರ್ಪವೂ ಎಲ್ಲಿಂದ ಬಂದುವು? ಇವುಗಳ ತವರು ಬಹುಮಟ್ಟಿಗೆ ಇಂಗ್ಲೆಂಡು. ಮದರಾಸಿನ ಎಗ್ಮೋರಿನ ಅನಾಥಾಲಯದಲ್ಲಿ 1789ರಿಂದ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು, ಈ ನಾಡಿನ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಯುವುದನ್ನು ಕಂಡು, ಬಲ್ಲ ಬಾಲಕನಿಂದ ಅರಿಯದ ಬಾಲಕನಿಗೆ ಪಾಠ ಹೇಳಿಸುವ ಕ್ರಮವನ್ನು ಬೆಳೆಸಿ, 1797ರಲ್ಲಿ ಅದರ ವಿವರವನ್ನು ಪ್ರಕಟಿಸಿದನು. ಅದೇ ಕಾಲಕ್ಕೆ ಲಂಡನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರನು ಒಬ್ಬನೇ ಉಪಾಧ್ಯಾಯನಿಂದ ನೂರಾರು ಮಕ್ಕಳಿಗೆ ಕಲಿಸುವ ಶಾಲೆಯನ್ನು ಕಟ್ಟಿ, ಬಾಲಮುಖ್ಯಸ್ಥರಿಗೆ ಬಿಲ್ಲೆ, ಚೀಟಿ, ಬಹುಮಾನಗಳನ್ನು ಯಥೇಚ್ಛವಾಗಿ ಹಂಚಿದನು. ಆಮೇಲೆ 1828ರಿಂದ 1842ರ ವರೆಗೆ ರಗ್ಬಿ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದ ತಾಮಸ್ ಆರ್ನಲ್ಡನು ಮೇಲಿನ ತರಗತಿಯ ಯುವಕರಿಗೆ ಕಿರಿಯರನ್ನಾಳುವ ಅಧಿಕಾರವನ್ನು ಕೊಟ್ಟು ಅದಕ್ಕೆ ಘನತೆಯನ್ನು ತಂದನು. ಮನೆಬಿಟ್ಟು ವಸತಿಶಾಲೆಯಲ್ಲಿದ್ದ ಹದಿನೇಳು ಹದಿನೆಂಟು ವರ್ಷದ ಯುವಕರಿಗೆ ಹೊಲಿದ ಆ ಅಂಗಿಯನ್ನು ಒಂಬತ್ತು ವರ್ಷದ ಕೂಸಿಗೆ ತೊಡಿಸಿದರೆ, ಮಗುವು ಅದರಲ್ಲಿ ಎಡವುವುದೇ ಹೊರತು ನಡೆಯಲಾರದು.

ಇದಕ್ಕೆ ಬರುವ ಆಕ್ಷೇಪಗಳು ಮುಖ್ಯವಾಗಿ ಮೂರು. ಚುನಾವಣೆಯಿಂದ ಮಕ್ಕಳು ಪ್ರಜಾಪ್ರಭುತ್ವವನ್ನು ಕಲಿಯುತ್ತಾರೆಂಬುದು ಮೊದಲನೆಯದು. ಮತ ಹಾಕುವುದೊಂದೇ ಪ್ರಜಾಪ್ರಭುತ್ವವಾಗಿದ್ದರೆ ಈ ಮಾತು ಸರಿ. ಆರಿಸಿ ಬಂದವನು ಮತ ಕೊಟ್ಟವರಿಗೆ ಉತ್ತರ ಹೇಳಬೇಕು, ಅವರ ದೂರನ್ನು ಮೇಲಿನವರಿಗೆ ಮುಟ್ಟಿಸಬೇಕು, ಮೇಲಿನವರು ಕಿವಿಗೊಡಬೇಕು. ಮಕ್ಕಳಿಗೆ ತಮ್ಮ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕುಂಟೆಂದು 1989ರ ವಿಶ್ವಸಂಸ್ಥೆಯ ಒಡಂಬಡಿಕೆಯ 12ನೆಯ ವಿಧಿಯು ಸಾರಿದೆ. ಭಾರತವು ಅದನ್ನು 1992ರಲ್ಲಿ ಅಂಗೀಕರಿಸಿದೆ. ಶೌಚಾಲಯದ ಬಾಗಿಲಿಗೆ ಅಗಳಿಯಿಲ್ಲವೆಂಬ ಹುಡುಗಿಯರ ದೂರನ್ನು ಸಂಚಾಲಕರ ಮುಂದಿಟ್ಟು, ಅಗಳಿಯನ್ನು ಹಾಕಿಸಿಕೊಂಡು ಬಂದ ನಾಯಕಿಯು ಪ್ರಜಾಪ್ರಭುತ್ವದ ಒಂದು ಪಾಠವನ್ನು ಕಲಿತಳು, ಕಲಿಸಿದಳು. ಮೇಲಿನವರ ಆಜ್ಞೆಯನ್ನು ಕೆಳಗಿನವರಿಗೆ ಮುಟ್ಟಿಸುವುದಕ್ಕಷ್ಟೆ ಆರಿಸಲ್ಪಟ್ಟವನು ಪ್ರತಿನಿಧಿಯಲ್ಲ, ದವಾಲಿಯವನು.

ಜಾಣರಿಗೆ ಮನ್ನಣೆ ಸಲ್ಲಬೇಡವೆ ಎಂಬುದು ಎರಡನೆಯ ಆಕ್ಷೇಪ. ಜಾಣನಿಗೆ ಅಂಕಗಳುಂಟು, ಬಹುಮಾನದ ಪುಸ್ತಕವುಂಟು, ವಾರ್ಷಿಕೋತ್ಸವದ ವೇದಿಕೆಯುಂಟು. ಇಷ್ಟರ ಮೇಲೆ ನಾಯಕತ್ವವನ್ನೂ ಅವನಿಗೇ ಸುರಿದರೆ, ಬೀಡಿ ಕಟ್ಟುವ ಮನೆಯಿಂದ ಬರುವ ಮಾತುಗಾರಿಕೆಯಿಲ್ಲದ ಹುಡುಗಿಗೆ ಏಳು ವರ್ಷಗಳಲ್ಲಿ ಒಮ್ಮೆಯಾದರೂ ಶಾಲೆಯು ತನ್ನನ್ನು ನಂಬಿತೆಂದು ಅನಿಸುವುದು ಯಾವಾಗ? ಮನೆಯಲ್ಲಿ ತಮ್ಮ ತಂಗಿಯರನ್ನು ಸಾಕಿ ಸಲಹುವ ಆ ಹುಡುಗಿಗೆ ಹೊಣೆಯೆಂದರೇನೆಂಬುದು ಭಾಷಣಗಾರನಿಗಿಂತ ಚೆನ್ನಾಗಿ ಗೊತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ಶಿಕ್ಷಣದ ಘೋಷಣೆಯು ಬಡವರ, ಕುಟುಂಬದ ಆಸರೆಯಿಲ್ಲದವರ, ಅನ್ಯವಿಶ್ವಾಸದವರ ಮಕ್ಕಳ ಕಡೆಗೆ ವಿಶೇಷ ಲಕ್ಷ್ಯವಿರಬೇಕೆಂದು ಕೆಥೊಲಿಕ ಶಾಲೆಗಳಿಗೆ ವಿಧಿಸಿದೆ. ಆ ಲಕ್ಷ್ಯವು ಶುಲ್ಕದ ರಿಯಾಯಿತಿಗೇ ಮುಗಿಯತಕ್ಕದ್ದಲ್ಲ.

ಹೆಸರು ಬರೆಯುವವನಿಲ್ಲದಿದ್ದರೆ ತರಗತಿಯು ಸಂತೆಯಾದೀತೆಂಬುದು ಮೂರನೆಯದು. ಇಟಲಿಯ ಫ್ಲಾರೆನ್ಸಿನ ಬಳಿಯ ಬೆಟ್ಟಗಳಲ್ಲಿರುವ ಬಾರ್ಬಿಯಾನಾ ಎಂಬ ಕುಗ್ರಾಮದಲ್ಲಿ ಲೊರೆಂಜೊ ಮಿಲಾನಿ ಎಂಬ ಕೆಥೊಲಿಕ ಧರ್ಮಗುರುವು 1954ರಲ್ಲಿ ಬಂದು ನೆಲಸಿ, 1967ರಲ್ಲಿ ತೀರಿಕೊಳ್ಳುವವರೆಗೂ ರೈತಮಕ್ಕಳಿಗೆ ಕಲಿಸಿದನು. ಅಲ್ಲಿ ದೊಡ್ಡ ಮಕ್ಕಳು ಚಿಕ್ಕವರಿಗೆ ಪಾಠ ಹೇಳುತ್ತಿದ್ದರು. ಒಬ್ಬನು ಹಿಂದುಳಿದರೆ ಉಳಿದವರು ಅವನಿಗಾಗಿ ನಿಲ್ಲುತ್ತಿದ್ದರು. ಉಪಾಧ್ಯಾಯರು ಹೊರಗೆ ಹೋದಾಗ ಐದನೆಯ ತರಗತಿಯ ಹುಡುಗನು ಎರಡನೆಯ ತರಗತಿಯವರಿಗೆ ಕಥೆಯೊಂದನ್ನು ಓದಿ ಹೇಳಲಿ; ಸದ್ದು ತಾನಾಗಿ ಅಡಗುತ್ತದೆ. ಭಯದಿಂದ ಹುಟ್ಟಿದ ಮೌನವು ಉಪಾಧ್ಯಾಯರ ಹೆಜ್ಜೆಯ ಸಪ್ಪಳದವರೆಗೆ ಮಾತ್ರ ಬಾಳುವಂಥದು.

ಇನ್ನೆರಡು ಸೂಕ್ಷ್ಮಗಳುಂಟು. ಈ ಶಾಲೆಗಳಲ್ಲಿ ಬೇರೆ ಬೇರೆ ಮತಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕಲಿಯುತ್ತಾರೆ. ತಮ್ಮ ವಿದ್ಯಾಸಂಸ್ಥೆಗಳನ್ನು ನಡೆಯಿಸುವ ಹಕ್ಕನ್ನು ಸಂವಿಧಾನದ 30ನೆಯ ವಿಧಿಯು ಅಲ್ಪಸಂಖ್ಯಾತರಿಗೆ ಕೊಟ್ಟಿದೆ. ಸರಕಾರದ ಮನ್ನಣೆಯನ್ನೋ ಧನಸಹಾಯವನ್ನೋ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವೂ ಮತಬೋಧೆಯಲ್ಲಿ ಪಾಲುಗೊಳ್ಳಬೇಕಾದುದಿಲ್ಲವೆಂದು 28ನೆಯ ವಿಧಿಯು ಹೇಳಿದೆ. ಆದುದರಿಂದ ಪ್ರಾರ್ಥನೆಯನ್ನು ನಡೆಯಿಸುವ ಕೆಲಸವು ಇಚ್ಛೆಯುಳ್ಳವರದಾಗಿರಲಿ. ಅನ್ನ, ನೀರು, ಪುಸ್ತಕ, ರೋಗಿಯ ವಿಚಾರಣೆ ಮುಂತಾದ ಕೆಲಸಗಳಿಗೆ ಮತದ ಗಡಿಯೇ ಬೇಡ. ಪ್ರಾರ್ಥನೆಯನ್ನು ಹೇಳಿಸುವವನೇ ದೊಡ್ಡ ನಾಯಕನೆಂಬ ಭಾವನೆಯು ಬೆಳೆದರೆ, ಬೇರೆ ಮತದ ಮಗುವು ತಾನು ಈ ಮನೆಯ ಅತಿಥಿಯೆಂದೇ ಕೊನೆಯವರೆಗೂ ತಿಳಿಯುವುದು.

ಎರಡನೆಯದು ಹಿಡಿಸೂಡಿಯ ಪ್ರಶ್ನೆ. ಫ್ರಾನ್ಸಿನಲ್ಲಿ ಗುಡಿಸುವುದು ಬರಿಯ ಕೆಲಸವಾಗಿದ್ದಿರಬಹುದು. ಭಾರತದಲ್ಲಿ ಅದು ಜಾತಿಯ ಗುರುತಾಗಿ ಸಾವಿರಾರು ವರ್ಷ ನಿಂತಿದೆ. ಸೇವೆಯ ಹೆಸರಿನಲ್ಲಿ ಅದೇ ಮಕ್ಕಳ ಕೈಗೆ ಮತ್ತೆ ಹಿಡಿಸೂಡಿಯನ್ನು ಕೊಡುವುದಕ್ಕಿಂತ ಬಿಲ್ಲೆಯ ಆಡಂಬರವೇ ಲೇಸು. ಅದು ಎಲ್ಲರ ಕೈಗೂ ಸರದಿಯಂತೆ ಬರಬೇಕು. ವೈದ್ಯರ ಮಗನಿಗೂ ಬರಬೇಕು, ಶಾಲಾ ನಾಯಕಿಗೂ ಬರಬೇಕು, ಒಂದೊಂದು ದಿನ ಮುಖ್ಯೋಪಾಧ್ಯಾಯರಿಗೂ ಬರಬೇಕು.

ಇದೆಲ್ಲವೂ ಆಚರಣೆಗೆ ಬಾರದ ಆದರ್ಶವೆನ್ನುವವರು ಒಂದು ಚಿಕ್ಕ ಲೆಕ್ಕವನ್ನು ಮಾಡಿ ನೋಡಲಿ. ಜೂನಿನಿಂದ ಮಾರ್ಚಿನ ವರೆಗೆ ತಿಂಗಳುಗಳು 10. ಒಂದು ತರಗತಿಯಲ್ಲಿ ಮಕ್ಕಳು 40. ತಿಂಗಳಿಗೆ 4 ಕೆಲಸಗಳನ್ನು ಗೊತ್ತುಮಾಡಿದರೆ, ವರ್ಷದಲ್ಲಿ ಪ್ರತಿಯೊಂದು ಮಗುವಿಗೂ ಒಂದು ತಿಂಗಳ ಹೊಣೆ ದೊರೆಯುತ್ತದೆ, ಒಬ್ಬನೂ ಉಳಿಯುವುದಿಲ್ಲ. ಆ ನಾಲ್ಕು ಕೆಲಸಗಳೂ ಕಣ್ಣಮುಂದೆಯೇ ಇವೆ: ಮಧ್ಯಾಹ್ನದ ಊಟದಲ್ಲಿ ಯಾರಿಗೂ ಕಡಿಮೆಯಾಗದಂತೆ ನೋಡಿಕೊಳ್ಳುವುದು, ಎರಡು ದಿನ ಬಾರದವನ ಸುದ್ದಿಯನ್ನು, ಉಪಾಧ್ಯಾಯರಿಗೆ ತಿಳಿಸಿ, ಜೊತೆಗಾರನೊಡನೆ ಹೋಗಿ ತರುವುದು, ಓದಿನಲ್ಲಿ ಹಿಂದುಳಿದ ಕಿರಿಯನಿಗೆ ದಿನವೂ ಸ್ವಲ್ಪ ಹೊತ್ತು ಓದಿಸುವುದು, ಮಕ್ಕಳ ಕುಂದುಕೊರತೆಗಳನ್ನು ಕೇಳಿ ಬರೆದು, ತಿಂಗಳ ಕೊನೆಗೆ ಮುಖ್ಯೋಪಾಧ್ಯಾಯರಿಗೆ ಒಪ್ಪಿಸಿ, ಉತ್ತರವನ್ನು ತಂದು ತರಗತಿಗೆ ಹೇಳುವುದು. ಇದಕ್ಕೆ ಬೇಕಾದುದು ಹಣವಲ್ಲ. ಗೋಡೆಯ ಮೇಲೆ ಒಂದು ಸರದಿಯ ಪಟ್ಟಿ, ಉಪಾಧ್ಯಾಯರಲ್ಲಿ ಒಂದಿಷ್ಟು ತಾಳ್ಮೆ.

ಸಂಚಾಲಕರೂ ಮುಖ್ಯೋಪಾಧ್ಯಾಯಿನಿಯರೂ ಮುಂದಿನ ವರ್ಷದ ಬಿಲ್ಲೆಗಳನ್ನು ಮಾಡಿಸುವ ಮೊದಲು ಈ ಪಟ್ಟಿಯನ್ನು ಬರೆಯಿಸಲಿ. ತಾಯಿತಂದೆಗಳು ತಮ್ಮ ಮಗುವಿಗೆ ಯಾವ ಪದವಿ ಸಿಕ್ಕಿತೆಂದು ಕೇಳುವುದನ್ನು ಬಿಟ್ಟು, ಈ ತಿಂಗಳು ಯಾರಿಗೆ ನೆರವಾದೆಯೆಂದು ಕೇಳಲಿ. ಮಾತಾಡಿದವರ ಹೆಸರುಗಳಿಗಾಗಿ ಮೀಸಲಾದ ಕರಿಹಲಗೆಯ ಆ ಮೂಲೆಯಲ್ಲಿ, ಅಂದು ಶಾಲೆಗೆ ಬಾರದವರ ಹೆಸರನ್ನೂ ಅವರನ್ನು ನೋಡಿಬರಲು ಹೊರಟವರ ಹೆಸರನ್ನೂ ಬರೆಯಲಿ. ಸೇವೆಯನ್ನು ಬೋಧಿಸುವ ಧರ್ಮಸಭೆಯ ಶಾಲೆಗೆ ಇಷ್ಟೂ ಸಾಧ್ಯವಿಲ್ಲವೆಂದರೆ, ಆ ಬೋಧನೆಯನ್ನು ಮಕ್ಕಳು ನಂಬಬೇಕೆಂದು ಕೇಳುವ ಅಧಿಕಾರವು ಅದಕ್ಕೆ ಉಳಿಯುವುದಿಲ್ಲ.