ಎರಡು ದಿನದ ತಡೆಗೆ 15 ನ್ಯಾಯಾಧೀಶರ ಮೇಲೆ ದಾವೆ

2025ರ ಜೂನ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಮೇರಿಲ್ಯಾಂಡಿನ ಎಲ್ಲ 15 ಫೆಡರಲ್ ಜಿಲ್ಲಾ ನ್ಯಾಯಾಧೀಶರನ್ನೂ ಪ್ರತಿವಾದಿಗಳನ್ನಾಗಿಸಿ ದಾವೆ ಹೂಡಿತು. ಅದಕ್ಕೆ ಕಾರಣ, ಮುಖ್ಯ ನ್ಯಾಯಾಧೀಶ ಜಾರ್ಜ್ ರಸೆಲ್ ಮೇ ತಿಂಗಳಲ್ಲಿ ಹೊರಡಿಸಿದ್ದ ಒಂದು ಆದೇಶ. ಬಂಧನದಲ್ಲಿರುವ ವಲಸಿಗ ಆ ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರೆ, ಎರಡು ಕೆಲಸದ ದಿನಗಳ ಮಟ್ಟಿಗೆ ಅವನನ್ನು ಗಡೀಪಾರು ಮಾಡಬಾರದು ಎಂದು ಅದು ಹೇಳಿತ್ತು. ಇದು ಕಾರ್ಯಾಂಗದ ಅಧಿಕಾರಕ್ಕೆ ಕೈಹಾಕಿದಂತೆ ಎಂಬುದು ಸರ್ಕಾರದ ದೂರು. ಆದರೆ ಗೆರೆ ದಾಟಿದ್ದು ಸರ್ಕಾರ.

ಎರಡು ದಿನದ ಬೆಲೆ ಎಷ್ಟೆಂದು ಅದೇ ವರ್ಷದ ಮಾರ್ಚ್ 15ರಂದೇ ಗೊತ್ತಾಗಿತ್ತು. 1798ರ ಕಾಯ್ದೆಯೊಂದರ ಬಲದಿಂದ ವೆನೆಜುವೆಲಾದವರನ್ನು ಹೊತ್ತೊಯ್ಯುತ್ತಿದ್ದ ವಿಮಾನಗಳನ್ನು ಹಿಂದಿರುಗಿಸಿ ಎಂದು ನ್ಯಾಯಾಧೀಶ ಜೇಮ್ಸ್ ಬೋಸ್‌ಬರ್ಗ್ ಅಂದು ಸಂಜೆ ಹೇಳಿದರೂ ಅವು ಎಲ್ ಸಾಲ್ವಡಾರಿನಲ್ಲೇ ಇಳಿದವು. ಆ ದಿನ ಮೇರಿಲ್ಯಾಂಡಿನ ನಿವಾಸಿಯೊಬ್ಬನನ್ನೂ ಅಲ್ಲಿಗೆ ಸಾಗಿಸಲಾಯಿತು. ಅವನನ್ನು ಆ ದೇಶಕ್ಕೆ ಕಳಿಸಕೂಡದೆಂದು 2019ರಲ್ಲೇ ಆದೇಶವಾಗಿತ್ತು. ತಪ್ಪಾಯಿತೆಂದು ಸರ್ಕಾರವೇ ಕೋರ್ಟಿನಲ್ಲಿ ಒಪ್ಪಿಕೊಂಡಿತು. ಅವನ ವಾಪಸಾತಿಗೆ ಅನುವು ಮಾಡಿಕೊಡಿ ಎಂದು ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಅವನು ಮರಳಿದ್ದು ಜೂನ್‌ನಲ್ಲಿ. ವಿಮಾನ ಏರಿಸುವ ಮೊದಲು ಕಡತ ತೆರೆದು ನೋಡಿದ್ದರೆ ತಪ್ಪುತ್ತಿದ್ದ ಅನ್ಯಾಯ ಸರಿಪಡಿಸಲು ಸುಮಾರು ಮೂರು ತಿಂಗಳು! ಆ ಪ್ರಕರಣ ವಿಚಾರಿಸಿದ ಪೌಲಾ ಸಿನಿಸ್ ಕೂಡ ಈ ದಾವೆಯ ಪ್ರತಿವಾದಿಗಳಲ್ಲಿ ಒಬ್ಬರು.

ಒಂದೊಂದು ಅರ್ಜಿಯ ಹುರುಳನ್ನೂ ತೂಗದೆ ಸಾರಾಸಗಟಾಗಿ ತಡೆ ಕೊಡುವುದು ಸರಿಯೇ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಕೆಳ ನ್ಯಾಯಾಲಯಗಳ ದೇಶವ್ಯಾಪಿ ತಡೆಯಾಜ್ಞೆಗಳಿಗೆ ಸುಪ್ರೀಂ ಕೋರ್ಟೇ ಜೂನ್ 27ರಂದು ಕಡಿವಾಣ ಹಾಕಿತು. ಆದರೆ ಮೇರಿಲ್ಯಾಂಡಿನ ಆದೇಶ ಸರ್ಕಾರದ ನೀತಿಯನ್ನು ತಡೆಯುವುದಿಲ್ಲ, ಯಾರ ಪರವಾಗಿಯೂ ತೀರ್ಪು ಕೊಡುವುದಿಲ್ಲ. ವಿಚಾರಣೆ ಶುರುವಾಗುವ ಮುನ್ನ ಅರ್ಜಿದಾರನೇ ದೇಶದಲ್ಲಿ ಇಲ್ಲದಂತಾಗಬಾರದು ಎನ್ನುತ್ತದೆ, ಅಷ್ಟೆ. ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯದಲ್ಲಿ ಇಂಥ ತಾತ್ಕಾಲಿಕ ತಡೆ ಬಹುಕಾಲದ ರೂಢಿ. ಆದೇಶ ತಪ್ಪೆಂದೇ ಇಟ್ಟುಕೊಳ್ಳೋಣ; ಆಗಲೂ ಮೇಲ್ಮನವಿಯ ದಾರಿಯಿತ್ತು, ಮೇರಿಲ್ಯಾಂಡ್ ಸೇರಿರುವ ವಲಯದ ನ್ಯಾಯಾಂಗ ಮಂಡಳಿಯಿತ್ತು. ಮೇರಿಲ್ಯಾಂಡಿನ ಅಷ್ಟೂ ನ್ಯಾಯಾಧೀಶರು ಪ್ರತಿವಾದಿಗಳಾಗಿದ್ದರಿಂದ ವರ್ಜೀನಿಯಾದಿಂದ ಬಂದು ಪ್ರಕರಣ ಕೇಳಿದ ಥಾಮಸ್ ಕಲೆನ್ ಕೂಡ ಇದೇ ಮಾತು ಹೇಳಿ ಆಗಸ್ಟ್ 26ರಂದು ದಾವೆ ವಜಾ ಮಾಡಿದರು. ಚುನಾಯಿತ ಅಧ್ಯಕ್ಷನಿಗೆ ವಿರೋಧಿ ನ್ಯಾಯಾಧೀಶರು ಅಡ್ಡಗಾಲು ಹಾಕುತ್ತಿದ್ದಾರೆ ಎನ್ನುವವರು ಗಮನಿಸಬೇಕು: ಕಲೆನ್ ಅವರನ್ನು ನೇಮಿಸಿದವರು ಟ್ರಂಪ್. ಆ ತೀರ್ಪನ್ನು ಒಪ್ಪದ ಸರ್ಕಾರ ಕಲೆನ್ ಮೇಲೆ ದಾವೆ ಹೂಡಲಿಲ್ಲ, ಮೇಲ್ಮನವಿಗೆ ಹೋಯಿತು. ರಸೆಲ್ ಅವರ ಆದೇಶ ಒಪ್ಪಿಗೆಯಾಗದಿದ್ದಾಗಲೂ ಮಾಡಬೇಕಿದ್ದುದು ಅದನ್ನೇ.